ಒಂದು ಜಡೆ, ಎರಡು ತಲೆ

ಹೋದ ಭಾನುವಾರ ನನ್ನ ಮಗಳು ಶೈಲಾ ಗೋರೆಗಾಂವಿನಿಂದ ಬಂದವಳು, ಚಪ್ಪಲಿ ಬಿಡುವ ಮೊದಲೇ, ಎತ್ತಿಕೊಂಡಿದ್ದ ಮಗುವನ್ನು ನನ್ನ ಕೈಗೆ ತುರುಕಿ, "ಅಮ್ಮಾ, ಆ ಜಡೆ ಎಲ್ಲಿ?" ಎಂದು ಕೇಳಿದಳು. ಹೇಗಿದ್ದೀ ಎಂದು ಕೇಳಲಿಲ್ಲ, ಮಂಡಿನೋವು ಹೇಗಿದೆ ಎಂದು ಕೇಳಲಿಲ್ಲ. ನಾನು ಕೇಳಿಸದವಳ ಹಾಗೆ ಮಗುವನ್ನು ಮುದ್ದಾಡುತ್ತ ಕುಳಿತೆ. ವರ್ಷಗಟ್ಟಲೆ ಕಾದು ಸಿಕ್ಕಿದ ಸುಖವನ್ನು ಒಂದೇ ಗುಟುಕಿಗೆ ಕುಡಿದು ಮುಗಿಸಲು ನನಗೇನು ಹುಚ್ಚೇ?

ಜಡೆ ಕಪಾಟಿನ ಮೇಲೆ, ಹಳೆಯ ವನಸ್ಪತಿ ಡಬ್ಬಿಯಲ್ಲಿ, ನುಸಿಗುಳಿಗೆಗಳ ಜೊತೆ ಬೆಚ್ಚಗೆ ಮಲಗಿದೆ. ಅದರ ಕಥೆ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ವಯಸ್ಸಾಗುವುದರ ಬಗ್ಗೆ ನನಗಿರುವ ಸಿಟ್ಟನ್ನು ಸ್ವಲ್ಪ ಹೊರಗೆ ಹಾಕಬೇಕು. ಇಲ್ಲದಿದ್ದರೆ ಕಥೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಹೆಣ್ಣಿಗೆ ನಡುವಯಸ್ಸು ಒಂದು ಘನತೆ, ತಾಯ್ತನದ ತುಂಬು ಸೊಬಗು ಎಂದೆಲ್ಲ ವಾರಪತ್ರಿಕೆಗಳಲ್ಲಿ ಬರೆಯುತ್ತಾರಲ್ಲ, ಬರೆದವರ ಹೆಸರು ಯಾವತ್ತಾದರೂ ನೋಡಿದ್ದೀರಾ? ಎಲ್ಲ ಗಂಡಸರು. ಗಂಡಸಿನ ತಲೆ ಬೋಳಾದರೆ ಲಕ್ಷ್ಮೀಕಳೆ, ಹೊಟ್ಟೆ ಬಂದರೆ ಸುಖಪುರುಷ. ನಮ್ಮವರ ತಲೆ ಮದುವೆಯಾದ ಕೆಲವೇ ವರ್ಷಕ್ಕೆ ತಾಮ್ರದ ಚೊಂಬಿನ ಹಾಗೆ ಹೊಳೆಯತೊಡಗಿದಾಗ ನೆಂಟರೆಲ್ಲ, "ಹೋಟೆಲ್ ಚೆನ್ನಾಗಿ ನಡೀತಾ ಉಂಟು ಅಂತ ಕಾಣ್ತದೆ" ಎಂದು ಸಂತೋಷಪಟ್ಟರು. ನನ್ನ ತಲೆಯಲ್ಲಿ ಬೈತಲೆ ಸ್ವಲ್ಪ ಅಗಲವಾದದ್ದೇ ತಡ, ಅದೇ ನೆಂಟರು, "ಎಂತ, ಹುಷಾರಿಲ್ಲವಾ?" ಎಂದು ಕೇಳಿದರು.

ಮಲಾಡ್ ಸ್ಟೇಷನ್ನಿನ ಹೊರಗೆ ತರಕಾರಿ ಮಾರುವ ಒಬ್ಬ ಭೈಯಾ ಇದ್ದ. ಶೈಲಾ ಹುಟ್ಟುವ ಮೊದಲಿನಿಂದಲೂ ನಾನು ಅವನ ಗಿರಾಕಿ. ಅಷ್ಟು ವರ್ಷವೂ ನಾನು ಅವನಿಗೆ ಭಾಭೀಜಿ. ಒಂದು ಬೆಳಿಗ್ಗೆ ಬದನೆಕಾಯಿ ಆರಿಸುತ್ತಿದ್ದವಳಿಗೆ, "ಮಾಂಜೀ, ಥೈಲಿ ಇಧರ್ ದೋ" ಎಂದ! ಬದನೆಕಾಯಿ ಅದೇ, ತಕ್ಕಡಿ ಅದೇ, ಹಿಂದಿನ ದಿನದ ಸೀರೆಯೂ ಅದೇ. ರಾತ್ರಿ ಬೆಳಗಾಗುವುದರೊಳಗೆ ನಾನು ಅವನ ತಾಯಿಯಾಗಿದ್ದೆ. ಅವನ ಮೀಸೆಯೇ ನರೆತು ಜೋಳದ ಜುಂಗಿನ ಹಾಗಿತ್ತು, ಅಂಥವನಿಗೆ ನಾನು ತಾಯಿ! ಅವನ ಅಂಗಡಿ ಬಿಟ್ಟು ಸೇತುವೆಯ ಆಚೆಗಿನ ಅಂಗಡಿಗೆ ಹೋದೆ. ಅಲ್ಲಿ ಮೊದಲ ದಿನವೇ ಮಾಂಜೀ ಅಂದರು. ವಾಪಸ್ಸು ಬಂದೆ.

ಲೋಕಲ್ ರೈಲಿನ ಕಥೆ ಇನ್ನೂ ಘೋರ. ನಮ್ಮ ಮುಂಬಯಿಯ ಲೇಡೀಸ್ ಡಬ್ಬಿಯಲ್ಲಿ ಬಸುರಿಗೂ ಯಾರೂ ಎದ್ದು ಜಾಗ ಕೊಡುವುದಿಲ್ಲ. ಕುಳಿತವಳನ್ನು ಎಲ್ಲಿ ಇಳಿಯುತ್ತೀ ಎಂದು ಮೊದಲೇ ಕೇಳಿ ಕಾದಿರಿಸಿಕೊಳ್ಳಬೇಕು. ಅಂಥ ಡಬ್ಬಿಯಲ್ಲಿ ಒಬ್ಬಳು ಕಾಲೇಜು ಹುಡುಗಿ, ಪುಸ್ತಕ ಎದೆಗೊತ್ತಿಕೊಂಡು ಎದ್ದು ನಿಂತು, "ಆಂಟೀ, ಆಪ್ ಬೈಠಿಯೇ" ಎಂದಳು. ಸುತ್ತಲಿನ ಹೆಂಗಸರೆಲ್ಲ ನನ್ನನ್ನೇ ನೋಡಿದರು. ಆ ಹುಡುಗಿಯ ಒಳ್ಳೆಯತನವನ್ನು ಬೆಂಕಿಗೆ ಹಾಕಬೇಕು ಅನ್ನಿಸಿತು. "ನಹೀ ಚಾಹಿಯೇ" ಎಂದು ಹಟದಿಂದ ಮಲಾಡಿನ ತನಕ ನಿಂತೇ ಬಂದೆ. ಮಂಡಿ ಎರಡು ದಿನ ಊದಿಕೊಂಡಿತ್ತು, ಆದರೆ ನನ್ನ ಮಾನ ಉಳಿಯಿತು.

ಮಂಡಿಯನ್ನು ಸೀರೆಯೊಳಗೆ ಮುಚ್ಚಿಡಬಹುದು. ಕೂದಲನ್ನು ಏನು ಮಾಡುವುದು? ನನ್ನದು ಒಂದು ಕಾಲದಲ್ಲಿ ಸೊಂಟದ ಕೆಳಗೆ ಇಳಿಯುತ್ತಿದ್ದ ಜಡೆ. ಉಡುಪಿಯಿಂದ ಮದುವೆಯಾಗಿ ಬಂದಾಗ ಚಾಳಿನ ಮರಾಠಿ ಹೆಂಗಸರು ಅದನ್ನು ಮುಟ್ಟಿ ನೋಡುತ್ತಿದ್ದರು. ನಲವತ್ತು ದಾಟಿದ್ದೇ ಅದು ದಿನಾ ಬಾಚಣಿಗೆಯಲ್ಲಿ ಮನೆ ಬಿಟ್ಟು ಹೋಗತೊಡಗಿತು. ಉಳಿದದ್ದನ್ನು ಸುತ್ತಿದರೆ ನಿಂಬೆಹಣ್ಣಿನಷ್ಟು ತುರುಬು. ಆಗಿನ ಫ್ಯಾಶನ್ನು ನೋಡಿದರೆ ಹೆಂಗಸರೆಲ್ಲ ತಲೆಯ ಹಿಂದೆ ಒಂದೊಂದು ಕುಂಬಳಕಾಯಿ ಹೊತ್ತು ತಿರುಗುತ್ತಿದ್ದರು. ನಮ್ಮವರಿಗೆ ಮಾತ್ರ ಬಹಳ ಸಮಾಧಾನ. "ಸಾಂಬಾರಿನಲ್ಲಿ ಕೂದಲು ಸಿಗುದು ನಿಂತಿತು ಮಾರಾಯ್ತಿ, ಹೋಟೆಲಿನವನ ಮನೆಗೆ ಅದು ಒಳ್ಳೆದೇ" ಎಂದರು. ಆ ದಿನ ಅವರಿಗೆ ಸಾಂಬಾರೇ ಸಿಗಲಿಲ್ಲ.

ನನ್ನ ಜಡೆ ಹೋದರೂ ಅದರ ಅಚ್ಚು ಶೈಲಾಳ ಬೆನ್ನ ಮೇಲಿತ್ತು. ಪ್ರತಿ ಶುಕ್ರವಾರ ಎಣ್ಣೆ ಹಾಕಿ, ಸೀಗೆಪುಡಿಯಲ್ಲಿ ತೊಳೆದು, ಲೋಬಾನದ ಹೊಗೆ ಕೊಟ್ಟು ನಾನು ಬೆಳೆಸಿದ ಜಡೆ. ಕಾಲೇಜು ಮುಗಿಸಿ ಅವಳು ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿದಳು. ಒಂದು ದಿನ ಲೋಕಲಿನಿಂದ ಇಳಿಯುವ ಗಲಾಟೆಯಲ್ಲಿ ಆ ಜಡೆ ಯಾವಳದೋ ಕೊಡೆಯ ಕಡ್ಡಿಗೆ ಸಿಕ್ಕಿಕೊಂಡು, ಇವಳು ಪ್ಲಾಟ್‌ಫಾರ್ಮಿನ ಮೇಲೆ, ಜಡೆ ಡಬ್ಬಿಯ ಒಳಗೆ! ಯಾರೋ ಕೊಡೆಯನ್ನೇ ಹೊರಗೆ ಎಸೆದು ಇವಳನ್ನು ಉಳಿಸಿದರಂತೆ. ಇದನ್ನು ನನಗೆ ಹೇಳಲಿಲ್ಲ. ಸೀದಾ ಬಾಂದ್ರಾದ ಒಂದು ಪಾರ್ಲರಿಗೆ ಹೋಗಿ, ಕುತ್ತಿಗೆಯ ಮೇಲಕ್ಕೆ ಕತ್ತರಿಸಿಕೊಂಡು, ಜಡೆಯನ್ನು ಪೇಪರಿನಲ್ಲಿ ಸುತ್ತಿ ತಂದು ನನ್ನ ಮುಂದಿಟ್ಟಳು.

"ಪಾರ್ಲರ್‌ವಾಲಿ ಖರೀದಿ ಮಾಡ್ತೇನೆ ಅಂದ್ಳು ಅಮ್ಮ. ನೀನು ಅಳ್ತೀ ಅಂತ ವಾಪಸ್ ತಂದೆ."

ಅತ್ತೆ. ಸಾವಿನ ಮನೆಯಲ್ಲಿ ಅಳುವ ಹಾಗೆ ಅತ್ತೆ. ಪೇಪರು ಬಿಡಿಸಿದರೆ ನಾನೇ ಹಾಕಿದ ಎಣ್ಣೆಯ ವಾಸನೆ ಬಂತು. ನಾನು ಯಾಕೆ ಅಷ್ಟು ಅತ್ತೆ ಎಂದು ಅವಳಿಗೆ ಗೊತ್ತಾಗಲಿಲ್ಲ, ಇಪ್ಪತ್ತರ ಹುಡುಗಿಗೆ ಗೊತ್ತಾಗಬೇಕಾಗಿಯೂ ಇಲ್ಲ. "ಬಸ್ ಕರ್ ಅಮ್ಮಾ, ಕೂದಲು ತಾನೇ, ಫಿರ್ ಸೇ ಬರ್ತದೆ" ಎಂದಳು. ಹಾಗೆ ಹೇಳುವ ಧೈರ್ಯ ಯಾರಿಗಿರುತ್ತದೆ? ಹೋದದ್ದು ಮತ್ತೆ ಬರುವ ವಯಸ್ಸಿನವರಿಗೆ.

ಒಂದು ವಾರ ಅವಳೊಡನೆ ಮಾತು ಬಿಟ್ಟೆ. ಎಂಟನೆಯ ದಿನ ತಲೆ ಬಾಚುತ್ತಿದ್ದಾಗ ಒಂದು ಯೋಚನೆ ಬಂತು. ಜಡೆಯನ್ನು ಕೈಚೀಲದಲ್ಲಿ ಹಾಕಿಕೊಂಡು, ಅರಿಶಿನ ಕುಂಕುಮ ತರುತ್ತೇನೆ ಎಂದು ಮನೆಯಲ್ಲಿ ಸುಳ್ಳು ಹೇಳಿ, ದಾದರಿಗೆ ಹೋದೆ. ಅಲ್ಲಿ ಒಂದು ಗಲ್ಲಿಯಲ್ಲಿ ಚೌರಿ ಕಟ್ಟಿಕೊಡುವ ಒಬ್ಬ ಮುದುಕಿ ಇದ್ದಳು. ಕಪ್ಪು ದಾರಕ್ಕೆ ಕೂದಲು ಹೆಣೆದು, ನಮ್ಮ ಮೋಟು ಜಡೆಗೆ ಸೇರಿಸಿಕೊಳ್ಳುವ ಹಾಗೆ ಮಾಡಿಕೊಡುವುದು ಅವಳ ಕಸುಬು. ಅವಳು ಜಡೆಯನ್ನು ಬೆಳಕಿಗೆ ಹಿಡಿದು, "ಕಿಸ್ಕಾ ಬಾಲ್ ಹೈ, ಬಾಯಿ?" ಎಂದಳು.

"ಮೇರಾಚ್ ಹೈ" ಎಂದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಕೂದಲು ನನ್ನದಲ್ಲದೆ ಇನ್ನು ಯಾರದು?

ಮುದುಕಿ ನನ್ನ ನಿಂಬೆಹಣ್ಣನ್ನು ಒಮ್ಮೆ ನೋಡಿದಳು. "ಹಾಂ ಹಾಂ. ಸಬ್ ಐಸಾಚ್ ಬೋಲ್ತಾ ಹೈ" ಎಂದಳು. ಎಲ್ಲರೂ ಹೀಗೇ ಹೇಳುವುದಂತೆ! ಚೌರಿ ಅಷ್ಟು ಚೆನ್ನಾಗಿ ಕಟ್ಟದಿದ್ದರೆ ಆ ಮುದುಕಿಗೆ ಎರಡು ಮಾತು ಅಂದೇ ಬರುತ್ತಿದ್ದೆ.

ಮನೆಗೆ ಬಂದು ಮುಡಿದುಕೊಂಡರೆ ಒಂದು ತೊಂದರೆ. ಜಡೆ ಇಪ್ಪತ್ತರ ಕಪ್ಪು, ಮುಂದಲೆ ನನ್ನದು. ನಮ್ಮವರು ಸುತ್ತ ಒಂದು ಪ್ರದಕ್ಷಿಣೆ ಬಂದು, "ಎಂಜಿನು ಬಿಳಿ, ಡಬ್ಬಿಗಳೆಲ್ಲ ಕಪ್ಪು. ಎಲ್ಲಿಗೆ ಹೋಗುವ ಗಾಡಿ ಇದು?" ಎಂದರು. ಆದ್ದರಿಂದ ಮುಂದಲೆಗೆ ಬಣ್ಣ ಬಂತು. ಬಣ್ಣ ಹಣೆಗೂ, ಕಿವಿಗೂ, ತಲೆದಿಂಬಿಗೂ ಹತ್ತಿತು. ಶೈಲಾ ಮಾತ್ರ ನೋಡಿ ಗಹಗಹಿಸಿ ನಕ್ಕಳು. "ಅಮ್ಮಾ, ನೀನು ಹಿಂದಿನಿಂದ ಸೇಮ್ ಟು ಸೇಮ್ ನಾನೇ!" ಎಂದಳು. ನಾವಿಬ್ಬರೂ ಮತ್ತೆ ಮಾತಾಡತೊಡಗಿದ್ದು ಹಾಗೆ.

ಆಮೇಲಿನ ಕೆಲವು ತಿಂಗಳುಗಳನ್ನು ನೆನೆದರೆ ಇವತ್ತಿಗೂ ನನ್ನ ಕುತ್ತಿಗೆ ನೆಟ್ಟಗಾಗುತ್ತದೆ. ಮಲಾಡಿನ ನಮ್ಮ ಮಹಿಳಾ ಮಂಡಳಿಯಲ್ಲಿ ಇದ್ದವರೆಲ್ಲ ನನ್ನ ಓರಗೆಯವರು, ಎಲ್ಲರ ತಲೆಯೂ ನನ್ನ ತಲೆಯಂತೆಯೇ. ಕಣ್ಣು ಸರಿ ಇದ್ದವರು ಒಬ್ಬರೂ ಇರಲಿಲ್ಲ, ಕನ್ನಡಕ ಹಾಕಿಕೊಳ್ಳಲು ನಾಚಿಕೆ. ಹಾಗಾಗಿ ನನ್ನ ಚೌರಿಯನ್ನು ಯಾರೂ ಕಂಡುಹಿಡಿಯಲಿಲ್ಲ. ಧಾರವಾಡದ ದೇಶಪಾಂಡೆ ವೈನಿ ಮಾತ್ರ ಮತ್ತೆ ಮತ್ತೆ ಹಿಂದಕ್ಕೆ ಬಂದು ನಿಲ್ಲುತ್ತಿದ್ದರು.

"ಅಯ್ಯ ಯಮುನಾಬಾಯಿ, ಈ ವಯಸ್ಸಿನ್ಯಾಗ ಇಂಥಾ ಕೂದ್ಲಾ! ಏನ ಹಚ್ಚತೀರಿ, ಖರೇ ಹೇಳ್ರಿ."

ಖರೇ ಹೇಳುವುದುಂಟೇ? ಕೊಬ್ಬರಿ ಎಣ್ಣೆಗೆ ಕರಿಬೇವು, ದಾಸವಾಳದ ಎಲೆ, ಮೆಂತೆ, ಗರುಗದ ರಸ ಹಾಕಿ ಕುದಿಸಬೇಕು ಎಂದೆ. ಮುಂದಿನ ಸಭೆಯಲ್ಲಿ ನನ್ನಿಂದ ಉಪನ್ಯಾಸವನ್ನೇ ಮಾಡಿಸಿದರು. ನಾನೂ ಬಿಡಲಿಲ್ಲ. ಕೂದಲಿಗೆ ಎಣ್ಣೆಗಿಂತ ಮುಖ್ಯವಾದದ್ದು ಮನಃಶಾಂತಿ ಎಂದೆ, ಹೆಂಗಸರು ತಲೆಯಾಡಿಸಿದರು. ಒಂದು ತಿಂಗಳು ಇಡೀ ಬಿಲ್ಡಿಂಗು ಕರಿಬೇವಿನ ವಾಸನೆ ಹೊಡೆಯಿತು. ಆಮೇಲೆ ದೇಶಪಾಂಡೆ ವೈನಿ ಬಂದು, "ನಿಮ್ಮ ಎಣ್ಣಿ ಹಚ್ಚಿ ನನ್ನ ಹತ್ರ ಇದ್ದದ್ದೂ ಉದುರಿ ಹೋತ್ರೀ!" ಎಂದು ಗೋಳಾಡಿದರು. "ನೀವು ಶ್ರದ್ಧೆಯಿಂದ ಹಚ್ಚಿಲ್ಲ" ಎಂದೆ.

ಇಷ್ಟರಲ್ಲೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಗೋರೆಗಾಂವಿನಿಂದ ಶಾರದಮ್ಮ ಎಂಬವರು ಬಂದಿದ್ದರು. ನಮ್ಮ ಕಡೆಯವರೇ, ಉಡುಪಿಯ ಹತ್ತಿರದವರು. ತಲೆಯ ಹಿಂದೆ ದೊಡ್ಡ ತುರುಬು, ಮುಖದಲ್ಲಿ ಅದಕ್ಕಿಂತ ದೊಡ್ಡ ಗತ್ತು. ಅವರು ನನ್ನನ್ನು ಹಿಂದಿನಿಂದ ಬಹಳ ಹೊತ್ತು ನೋಡಿ, ಮುಂದೆ ಬಂದು, "ನಿಮಗೆ ಮಗಳು ಉಂಟಲ್ಲ?" ಎಂದರು. "ತಾಯಿಯ ಜಡೆಯೇ ಹೀಗಿದ್ದರೆ ಮಗಳದ್ದು ಹೇಗಿರಬೇಡ! ನಮ್ಮ ಮನೆಯಲ್ಲಿ ಜಡೆ ಇಲ್ಲದ ಸೊಸೆ ಬಂದದ್ದೇ ಇಲ್ಲ ನೋಡಿ. ಬರುವ ಭಾನುವಾರ ಮಗನನ್ನು ಕರಕೊಂಡು ಬರ್ತೇನೆ."

ಮಗ ದಿನಕರ ಪವಾಯಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೆಲಸಕ್ಕಿದ್ದ. ಹುಡುಗ ನೋಡಲು ಬರುತ್ತಾನೆ ಎಂದರೆ ಶೈಲಾ ಯಾವಾಗಲೂ ಏನಾದರೂ ನೆವ ಹೇಳಿ ಆಫೀಸಿಗೆ ಓಡುವವಳು. ಈ ಹೆಸರು ಕೇಳಿದಾಗ ಮಾತ್ರ ಓಡಲಿಲ್ಲ. ಕನ್ನಡ ಸಂಘದ ಪಿಕ್ನಿಕ್ಕಿಗೆಂದು ಪವಾಯಿ ಕೆರೆಗೆ ಹೋಗಿದ್ದಾಗ ಅವನನ್ನು ನೋಡಿದ್ದಳಂತೆ. ಅದು ಅವಳಿಗೆ ಜಡೆ ಇದ್ದ ಕಾಲ.

"ಈ ಹುಡುಗ ನಂಗೆ ಓಕೆ ಅಮ್ಮ. ಆದ್ರೆ ಜಡೆ ಗಿಡೆ ಹಾಕ್ಕೊಂಡು ಕೂರುದಿಲ್ಲ. ಜೈಸೀ ಹೂಂ ವೈಸೀ, ಹೀಗೇ ಬರ್ತೇನೆ."

ಆ ಹೆಂಗಸು ಬರುತ್ತಿರುವುದೇ ಜಡೆ ನೋಡಲು. ಮಗಳು ಮೊದಲ ಸಲ ಬೇಕು ಎಂದ ಸಂಬಂಧ, ನನ್ನ ತಲೆಯ ಹಿಂದೆ ನೇತಾಡಿದ ಸುಳ್ಳಿನಿಂದ ತಪ್ಪಿಹೋದರೆ? ಎರಡು ದಿನ ನನಗೆ ಊಟ ಸೇರಲಿಲ್ಲ. ಇದ್ದದ್ದು ಒಂದು ಜಡೆ, ಭಾನುವಾರ ಅದನ್ನು ಎರಡು ತಲೆಯಲ್ಲಿ ತೋರಿಸಬೇಕು. ಯಾರ ತಲೆಗೆ ಎಂದು ಯೋಚಿಸುವ ಪ್ರಶ್ನೆಯೇ ಇರಲಿಲ್ಲ, ಆದರೆ ಇವಳು ತಲೆ ಕೊಡಬೇಕಲ್ಲ! ಬೈದೆ, ಗೋಗರೆದೆ, ಕೊನೆಗೆ ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಕುಳಿತು ನಿಜವಾಗಿಯೂ ಅತ್ತೆ. ಅವಳು ಬಂದು ನನ್ನ ಮುಂದೆ ಬೆನ್ನು ಹಾಕಿ ಕುಳಿತಳು. "ನಿನಗೋಸ್ಕರ ಹಾಕ್ಕೊಳ್ತೇನೆ. ನನಗೋಸ್ಕರ ಅಲ್ಲ" ಎಂದಳು. ಅವಳ ಗಿಡ್ಡ ಕೂದಲಿಗೆ ಅವಳದೇ ಜಡೆಯನ್ನು ಸೇರಿಸಿ ಇದ್ದ ಪಿನ್ನುಗಳನ್ನೆಲ್ಲ ಚುಚ್ಚಿದೆ. ನನ್ನ ತಲೆಯ ಮೇಲೆ ಸೆರಗು ಹೊದ್ದು ಕುತ್ತಿಗೆಯ ತನಕ ಎಳೆದುಕೊಂಡೆ.

ಅವರು ಬಂದರು. ಶಾರದಮ್ಮ ಕೂರುವ ಮೊದಲೇ, "ಎಂತ ಯಮುನಕ್ಕ, ತಲೆಗೆ ಸೆರಗು?" ಎಂದರು.

"ನೆಗಡಿ" ಎಂದೆ. ಸೆರಗಿನೊಳಗೆ ಬೆವರು ಕಿತ್ತುಬರುತ್ತಿತ್ತು.

ಶೈಲಾ ಶಿರಾ ತಂದಿಟ್ಟಳು, ತಿರುಗಿ ಹೋಗುವಾಗ ಜಡೆ ಬೆನ್ನ ಮೇಲೆ ಆಡಿತು. ಶಾರದಮ್ಮನ ಮುಖ ಅರಳಿತು. ಹುಡುಗ ಮುಖ ನೋಡುತ್ತಿದ್ದ, ತಾಯಿ ಬೆನ್ನು ನೋಡುತ್ತಿದ್ದರು. ಇಲ್ಲಿಯ ತನಕ ಎಲ್ಲವೂ ಸರಿಯಾಗಿತ್ತು. ಆದರೆ ಮಾತುಕತೆ ಮುಗಿಯುವ ಹೊತ್ತಿಗೆ ಆ ಹೆಂಗಸು ಚೀಲದಿಂದ ಬಾಳೆಲೆಯ ಪೊಟ್ಟಣ ತೆಗೆದು, "ನಮಗೆ ಒಪ್ಪಿಗೆ. ಹೂ ಮುಡಿಸಿಯೇ ಹೋಗ್ತೇನೆ" ಎಂದು ಎದ್ದರು. ನಮ್ಮಲ್ಲಿ ಹುಡುಗನ ತಾಯಿ ಹೂ ಮುಡಿಸಿದರೆ ಮಾತು ಮುಗಿದಂತೆ. ಆದರೆ ಹೂ ಮುಡಿಸಲು ಜಡೆಯ ಬುಡಕ್ಕೇ ಕೈ ಹಾಕಬೇಕು!

"ಆಮೇಲೆ ನಾನೇ ಮುಡಿಸ್ತೇನೆ" ಎಂದು ನಡುವೆ ಹಾರಿದೆ. ಅವರು ನನ್ನನ್ನು ಮೊಣಕೈಯಿಂದ ಆಚೆಗೆ ಸರಿಸಿ ಶೈಲಾಳ ಹಿಂದೆ ಹೋಗಿ ನಿಂತರು. ಬೆರಳು ಜಡೆಯ ಬುಡಕ್ಕೆ ಹೋಯಿತು. ಅಲ್ಲೇ ನಿಂತಿತು.

"ಇದೆಂತದ್ದು? ಚೌರಿಯಾ?"

ಶೈಲಾ ಎದ್ದು ನಿಂತಳು. ಒಂದೊಂದೇ ಪಿನ್ನು ತೆಗೆದು, ಜಡೆಯನ್ನು ಬಿಡಿಸಿ ಶಿರಾದ ತಟ್ಟೆಯ ಪಕ್ಕದಲ್ಲಿ ಇಟ್ಟಳು. "ಚೌರಿ ಹೌದು. ಆದ್ರೆ ಕೂದಲು ನನ್ನದೇ. ಲೋಕಲಲ್ಲಿ ಸಿಕ್ಕಿಕೊಳ್ತದೆ ಅಂತ ಕತ್ತರಿಸಿದೆ. ಅವತ್ತು ಅಮ್ಮನ ತಲೆಯಲ್ಲಿ ನೀವು ಮೆಚ್ಚಿಕೊಂಡದ್ದೂ ಇದನ್ನೇ" ಎಂದಳು. ಆ ಹುಡುಗಿ ಅಷ್ಟು ಉದ್ದ ಕನ್ನಡ ತಡವರಿಸದೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಎಲ್ಲರೂ ನನ್ನ ಕಡೆ ತಿರುಗಿದರು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಸೆರಗು ಇಳಿಸಿದೆ. ನಿಂಬೆಹಣ್ಣು ಕಂಡಿತು.

ನಮ್ಮವರು ತಮ್ಮ ಬೋಳುತಲೆ ಸವರಿಕೊಂಡು, "ನಾನೂ ಒಂದು ದಿನದ ಮಟ್ಟಿಗೆ ಕೇಳಿದೆ, ಇವಳು ಕೊಡಲಿಲ್ಲ" ಎಂದರು. ದಿನಕರನಿಗೆ ಬಾಯಲ್ಲಿದ್ದ ಚಹಾ ಮೂಗಿಗೆ ಬಂತು. ಅವನು ಕೆಮ್ಮಿ ಕೆಮ್ಮಿ ನಕ್ಕ, ಅವನನ್ನು ನೋಡಿ ಶೈಲಾ ನಕ್ಕಳು. ಆ ನಗು ನೋಡಿದಾಗ ಹುಡುಗ ಒಪ್ಪಿದ್ದಾನೆ ಎಂದು ನನಗೆ ಗೊತ್ತಾಯಿತು. ಆದರೆ ಹೂವು ಇದ್ದದ್ದು ಅವನ ಕೈಯಲ್ಲಲ್ಲ.

ಶಾರದಮ್ಮ ನಗಲಿಲ್ಲ. ಮಲ್ಲಿಗೆ ಹಿಡಿದುಕೊಂಡು ನಿಂತೇ ಇದ್ದರು. ಮಗನನ್ನು ನೋಡಿದರು, ಮೇಜಿನ ಮೇಲಿದ್ದ ಜಡೆಯನ್ನು ನೋಡಿದರು, ಕೊನೆಗೆ ನನ್ನ ನಿಂಬೆಹಣ್ಣನ್ನು ನೋಡಿದರು. "ತಂದ ಹೂವನ್ನು ವಾಪಸ್ ತಗೊಂಡು ಹೋಗುದಾ? ಕೂತ್ಕೋ" ಎಂದು ಶೈಲಾಳನ್ನು ಕೂರಿಸಿದರು. ಗಿಡ್ಡ ಕೂದಲಲ್ಲಿ ಮಲ್ಲಿಗೆ ನಿಲ್ಲಲಿಲ್ಲ, ಜಾರಿತು. ನಮ್ಮ ಪಿನ್ನುಗಳೆಲ್ಲ ಜಡೆಯ ಜೊತೆ ಮೇಜಿನ ಮೇಲಿದ್ದವು. ಅವರು ಅತ್ತ ನೋಡದೆ, ತಮ್ಮ ತುರುಬಿನಿಂದಲೇ ಒಂದು ದೊಡ್ಡ ಪಿನ್ನು ಎಳೆದು ಹೂವಿಗೆ ಸಿಕ್ಕಿಸಿದರು. ಹೂ ನಿಂತಿತು. ಅವರ ತುರುಬು ಮಾತ್ರ ಮೆಲ್ಲಗೆ ಎಡಕ್ಕೆ ವಾಲಿ, ಭುಜದ ಮೇಲೆ ಕುಳಿತು, ಒಳಗಿನಿಂದ ಕಪ್ಪು ದಾರವೊಂದು ಹೊರಗೆ ಇಣುಕಿತು.

ನಾವು ಯಾರೂ ನೋಡಲಿಲ್ಲ. ಅಂದರೆ ಎಲ್ಲರೂ ನೋಡಿದೆವು. ಇದನ್ನು ದೊಡ್ಡ ಮನಸ್ಸು ಎಂದು ನಮ್ಮವರು ಇವತ್ತಿಗೂ ಹೊಗಳುತ್ತಾರೆ. ದೊಡ್ಡ ಮನಸ್ಸಂತೆ! ಯಾವ ಪಿನ್ನು ಯಾವುದನ್ನು ಹಿಡಿದಿದೆ ಎನ್ನುವುದು ಆ ಹೆಂಗಸಿಗೆ ಮರೆತುಹೋಗಿತ್ತು, ಅಷ್ಟೇ. ನಮ್ಮ ವಯಸ್ಸಿನಲ್ಲಿ ಮರೆವು ಸಹಜ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಅವರು ನನ್ನ ಕಿವಿಯ ಹತ್ತಿರ ಬಂದು, "ನಿಮ್ಮದು ಒಳ್ಳೆ ಕಟ್ಟುಂಟು. ಎಲ್ಲಿ ಮಾಡಿಸಿದ್ದು?" ಎಂದರು. ದಾದರಿನ ಗಲ್ಲಿಯ ಗುರುತು ಹೇಳಿದೆ. ಬೀಗಿತ್ತಿಯರ ಸ್ನೇಹಕ್ಕೆ ಅದಕ್ಕಿಂತ ಹೆಚ್ಚೇನು ಬೇಕು?

ಆ ದಿನವೇ ಜಡೆಯನ್ನು ಡಬ್ಬಿಗೆ ಹಾಕಿದೆ. ವೈರಾಗ್ಯ ಬಂದು ಅಲ್ಲ, ಶಿರಾದ ತುಪ್ಪ ಮೆತ್ತಿತ್ತು, ತೊಳೆದು ಒಣಗಿಸಿ ಇಟ್ಟೆ. ಆಮೇಲೆ ತೆಗೆಯಲಿಲ್ಲ. ಮುಂದಲೆಗೆ ಬಣ್ಣ ಹಚ್ಚುವುದೂ ನಿಂತಿತು. ಈಗ ಲೋಕಲಿನಲ್ಲಿ ಯಾವಳಾದರೂ ಆಂಟಿ ಎಂದು ಎದ್ದರೆ ಅವಳು ಪೂರ್ತಿ ಏಳುವ ಮೊದಲೇ ಕುಳಿತುಬಿಡುತ್ತೇನೆ. ಮಂಡಿಗೆ ಮಾನ ಮರ್ಯಾದೆ ಇಲ್ಲ.

ಹೋದ ಭಾನುವಾರಕ್ಕೆ ವಾಪಸ್ಸು ಬರುತ್ತೇನೆ. ಡಬ್ಬಿ ಇಳಿಸಿಕೊಟ್ಟೆ. ಶೈಲಾ ಬೆನ್ನು ಹಾಕಿ ಕುಳಿತಳು. ಬಾಣಂತನದ ನಂತರ ಅವಳ ಕೂದಲು ಹಿಡಿ ಹಿಡಿಯಾಗಿ ಉದುರಿದೆ. ನಾದಿನಿಯ ಮದುವೆ ಹತ್ತಿರ ಬಂದಿದೆ, ತುರುಬಿಗೆ ಕೂದಲಿಲ್ಲ. "ನಿನ್ನ ಅಮ್ಮನ ಹತ್ತಿರ ಕೇಳು" ಎಂದು ಶಾರದಮ್ಮನೇ ಕಳಿಸಿದ್ದಂತೆ. ಬಾಚುವಾಗ ಅವಳ ಕಿವಿಯ ಮೇಲ್ಗಡೆ ಎರಡು ಬಿಳಿ ಎಳೆ ಕಂಡವು. ಫಿರ್ ಸೇ ಬರ್ತದೆ ಎಂದವಳ ತಲೆ ಇದು. ಏನಾದರೂ ಚುಚ್ಚಿ ಹೇಳಬೇಕು ಎಂದು ವರ್ಷಗಟ್ಟಲೆ ಕಾದಿದ್ದವಳು ನಾನು. ಆದರೆ ಆ ಬಿಳಿ ಎಳೆಗಳನ್ನು ಕಪ್ಪು ಕೂದಲಿನ ಅಡಿಗೆ ಸರಿಸಿ, ಜಡೆ ಸೇರಿಸಿ, ಗಟ್ಟಿಯಾಗಿ ಪಿನ್ನು ಚುಚ್ಚಿದೆ. ಮಗು ತೆವಳಿಕೊಂಡು ಬಂದು ಜಡೆಯ ತುದಿ ಹಿಡಿದು ಎಳೆಯಿತು, ಬಿಚ್ಚಲಿಲ್ಲ.

ಶೈಲಾ ಕನ್ನಡಿಯಲ್ಲಿ ಅತ್ತ ಇತ್ತ ತಿರುಗಿ ನೋಡಿಕೊಂಡಳು.

"ಮದುವೆಮನೆಯಲ್ಲಿ ಯಾರಾದ್ರೂ ಕೇಳಿದ್ರೆ? ನನ್ನದೇ ಅಂತ ಹೇಳ್ತೇನೆ. ಝೂಟ್ ಅಲ್ವಲ್ಲ ಅಮ್ಮ, ನನ್ನದೇ ಅಲ್ವಾ?"

"ಹೌದು ಹೌದು" ಎಂದೆ. "ಎಲ್ಲರೂ ಹಾಗೇ ಹೇಳುದು."